ದೂರದೂರದ ತಂಡಗಳು, ಒಂದೇ ತಂತ್ರಾಂಶ

1998ರ ಡಿಸೆಂಬರ್ 11ರಂದು ಉಡಾವಣೆಗೊಂಡ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪಿತು. ಮೇಲ್ಮೈಯಿಂದ ಸುಮಾರು 226 ಕಿ.ಮೀ. ಎತ್ತರದಲ್ಲಿ ಸಾಗಬೇಕಿದ್ದ ಅದು ಸುಮಾರು 57 ಕಿ.ಮೀ.ವರೆಗೆ ಇಳಿದಿತ್ತು ಎಂದು ಅನಂತರದ ಲೆಕ್ಕಾಚಾರ ತೋರಿಸಿತು. ನೌಕೆಯ ಸಂಪರ್ಕ ಮತ್ತೆ ದೊರೆಯಲಿಲ್ಲ.

ತಪ್ಪು ನಡೆದದ್ದು ಭೂಮಿಯ ಮೇಲೆ. ಕೊಲರಾಡೋದ ಲಾಕ್‌ಹೀಡ್ ಮಾರ್ಟಿನ್ ತಂಡದ ತಂತ್ರಾಂಶವು ನೋದಕಗಳ ಆವೇಗವನ್ನು ಪೌಂಡ್-ಬಲ ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಪಥನಿರ್ದೇಶನ ತಂಡ ಅದೇ ಸಂಖ್ಯೆಗಳನ್ನು ನ್ಯೂಟನ್ ಸೆಕೆಂಡುಗಳೆಂದು ಓದಿಕೊಂಡಿತು. ಒಂದು ಪೌಂಡ್-ಬಲವೆಂದರೆ ಸುಮಾರು 4.45 ನ್ಯೂಟನ್. ಇಷ್ಟೇ ಆಗಿದ್ದರೆ ಇದು ಶಾಲಾ ಬಾಲಕನ ಏಕಮಾನದ ತಪ್ಪಾಗುತ್ತಿತ್ತು. ಆದರೆ ತನಿಖಾ ಮಂಡಳಿ ಇನ್ನೂ ಕೆಲವು ಕಾರಣಗಳನ್ನು ಎತ್ತಿ ತೋರಿಸಿತು: ಪಥನಿರ್ದೇಶನ ತಂಡಕ್ಕೆ ಈ ನೌಕೆಯ ಪೂರ್ಣ ಪರಿಚಯವಿರಲಿಲ್ಲ, ಸಿಬ್ಬಂದಿ ಸಾಲದಾಗಿತ್ತು, ತಂಡಗಳ ನಡುವಣ ಸಂವಹನ ದುರ್ಬಲವಾಗಿತ್ತು. ಎರಡೂ ಕಡೆ ನುರಿತವರೇ ಇದ್ದರು. ಹಾಗಾದರೆ ದೂರದೂರದ ಊರುಗಳಲ್ಲಿ ಹಂಚಿಹೋದ ಕೆಲಸಕ್ಕೆ ತಂಡಗಳನ್ನು ಆರಿಸುವುದು ಹೇಗೆ?

ಅತ್ಯುತ್ತಮರನ್ನು ಆರಿಸಿದರೆ ಸಾಕೆ?

ಒಂದು ಸರಳ ಉದಾಹರಣೆ ನೋಡೋಣ. ಬೆಂಗಳೂರು ಮತ್ತು ಬರ್ಲಿನ್‌ಗಳಲ್ಲಿ ಒಂದೊಂದು ತಂಡವಿದೆಯೆಂದು ಕಲ್ಪಿಸಿಕೊಳ್ಳಿ. ಕೆಲಸಗಳೂ ಎರಡು: ದತ್ತಸಂಚಯ ಮತ್ತು ಬಳಕೆದಾರರು ನೋಡುವ ಪರದೆ. ಹತ್ತಕ್ಕೆ ಬೆಂಗಳೂರು ತಂಡದ ಅಂಕಗಳು ಕ್ರಮವಾಗಿ 9 ಮತ್ತು 8. ಬರ್ಲಿನ್ ತಂಡದ್ದು 8 ಮತ್ತು 4. ದತ್ತಸಂಚಯದಲ್ಲಿ ಬೆಂಗಳೂರೇ ಮುಂದಿದೆಯೆಂದು ಅದನ್ನು ಅಲ್ಲಿಗೆ ಕೊಟ್ಟರೆ ಪರದೆ ಬರ್ಲಿನ್ ಪಾಲಾಗುತ್ತದೆ; ಮೊತ್ತ 9+4=13. ಅದಲುಬದಲು ಮಾಡಿದರೆ 8+8=16! ಪ್ರತಿ ಕೆಲಸಕ್ಕೂ ಬಿಡಿಬಿಡಿಯಾಗಿ ಉತ್ತಮರನ್ನು ಹುಡುಕುವುದಕ್ಕಿಂತ ಇಡೀ ಹಂಚಿಕೆಯನ್ನು ಒಟ್ಟಾಗಿ ತೂಗಬೇಕೆಂಬುದು ಇದರ ಪಾಠ. ಹತ್ತು ತಂಡ, ಹತ್ತು ಕೆಲಸಗಳಿದ್ದರೆ ಸಾಧ್ಯವಿರುವ ಹಂಚಿಕೆಗಳು 36,28,800. ಎಲ್ಲವನ್ನೂ ಪರೀಕ್ಷಿಸದೆ ಸರಿಯಾದುದನ್ನು ಕಂಡುಹಿಡಿಯುವ ‘ಹಂಗೇರಿಯನ್ ವಿಧಾನ’ವನ್ನು ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದರು.

ಆದರೆ ಈ ಲೆಕ್ಕದಲ್ಲೊಂದು ಕೊರತೆಯಿದೆ. ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಅದು ಭಾವಿಸುತ್ತದೆ. ತಂತ್ರಾಂಶದ ಘಟಕಗಳು ಹಾಗಿರುವುದಿಲ್ಲ.

ಸಂಪರ್ಕದ ಎಳೆಗಳು

n ಜನರಿರುವ ತಂಡದಲ್ಲಿ ಇಬ್ಬಿಬ್ಬರ ನಡುವಣ ಸಂಪರ್ಕಗಳ ಸಂಖ್ಯೆ n(n-1)/2. ಹನ್ನೆರಡು ಜನರಿದ್ದರೆ 66 ಎಳೆಗಳು. ಇವರನ್ನು ನಾಲ್ವರಂತೆ ಮೂರು ಊರುಗಳಿಗೆ ಹಂಚಿದರೆ ಊರೊಳಗಿನ ಎಳೆಗಳು 18. ಊರಿಂದೂರಿಗೆ ಹೋಗುವವು 48. ಪ್ರತಿ ಊರಿನಲ್ಲಿ ಒಬ್ಬರಿಗೆ ಮಾತ್ರ ಹೊರಸಂಪರ್ಕದ ಹೊಣೆ ವಹಿಸಿದರೆ 48 ಎಳೆಗಳು ಮೂರಕ್ಕೆ ಇಳಿಯುತ್ತವೆ. ಆದ್ದರಿಂದ ಪ್ರತಿ ತಂಡದಲ್ಲೂ ಪ್ರೋಗ್ರಾಂ ಬರೆಯುವ ಕೌಶಲದ ಜೊತೆಗೆ, ಸ್ಪಷ್ಟವಾಗಿ ಬರೆದು ತಿಳಿಸಬಲ್ಲ, ಅನುಮಾನ ಬಂದಾಗ ಸಂಕೋಚವಿಲ್ಲದೆ ಕೇಳಬಲ್ಲ ಒಬ್ಬರಾದರೂ ಇರಲೇಬೇಕು.

ಆದರೆ ಘಟಕಗಳ ನಡುವಣ ಗಡಿ ಸ್ಪಷ್ಟವಾಗಿದ್ದರೆ ಮಾತ್ರ ಮೂರು ಎಳೆಗಳು ಸಾಕಾಗುತ್ತವೆ. ಸಂಸ್ಥೆಯೊಂದು ರೂಪಿಸುವ ವ್ಯವಸ್ಥೆಯು ಆ ಸಂಸ್ಥೆಯ ಸಂವಹನದ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲಿ ವಾದಿಸಿದರು. ಹೀಗಾಗಿ ಪರಸ್ಪರ ಹೆಚ್ಚು ಮಾಹಿತಿ ವಿನಿಮಯ ಮಾಡುವ ಘಟಕಗಳನ್ನು ಒಂದೇ ಊರಿಗೆ ಕೊಡುವುದು ಜಾಣತನ. ಅಂಕ ತುಸು ಕಡಿಮೆಯಾದರೂ ಸರಿ. ಊರು ದಾಟುವ ಮಾಹಿತಿಗೆ ಏಕಮಾನ ಸಹಿತ ಲಿಖಿತ ಒಪ್ಪಂದವಿರಬೇಕು, ಅದನ್ನು ಪರೀಕ್ಷಿಸಲೂ ಬೇಕು. ಮಂಗಳನೌಕೆಯ ವಿಷಯದಲ್ಲಿ ಮೆಟ್ರಿಕ್ ಏಕಮಾನವನ್ನೇ ಬಳಸಬೇಕೆಂಬ ಲಿಖಿತ ನಿಯಮವಿತ್ತು. ಅದರ ಪಾಲನೆಯಾಗಲಿಲ್ಲ, ಪರೀಕ್ಷೆಯಲ್ಲಿ ತಪ್ಪು ಸಿಕ್ಕಿಬೀಳಲೂ ಇಲ್ಲ.

ಗಡಿಯಾರದ ಅಂತರ

ಬೆಂಗಳೂರಿನ ಕಚೇರಿ ಬೆಳಗ್ಗೆ 9.30ರಿಂದ ಸಂಜೆ 6.30ರವರೆಗೆ ಇದೆಯೆನ್ನಿ. ಚಳಿಗಾಲದಲ್ಲಿ ಬರ್ಲಿನ್‌ನಲ್ಲಿ ಬೆಳಗಿನ 9 ಗಂಟೆಯಾದಾಗ ಇಲ್ಲಿ ಮಧ್ಯಾಹ್ನ 1.30. ಎರಡೂ ತಂಡಗಳಿಗೆ ದಿನಕ್ಕೆ ಐದು ಗಂಟೆಗಳ ಸಮಾನ ಕಾಲ ದೊರೆಯುತ್ತದೆ. ಬಾಸ್ಟನ್‌ನಲ್ಲಿ 9 ಗಂಟೆಯಾಗುವಾಗ ಇಲ್ಲಿ ಸಂಜೆ 7.30; ಸಮಾನ ಕಾಲ ಸೊನ್ನೆ! ಐದು ನಿಮಿಷದಲ್ಲಿ ಬಗೆಹರಿಯಬೇಕಾದ ಸಂದೇಹಕ್ಕೆ ಉತ್ತರ ಮರುದಿನ. ಒಂದು ತಂಡ ಮಲಗಿದಾಗ ಇನ್ನೊಂದು ದುಡಿಯುವುದರಿಂದ ಕೆಲಸ ಬೇಗ ಮುಗಿಯುತ್ತದೆ ಎಂಬ ನಿರೀಕ್ಷೆ ಎಲ್ಲ ಕೆಲಸಗಳಿಗೂ ಹೊಂದುವುದಿಲ್ಲ. ಹರ್ಬ್ಸ್‌ಲೆಬ್ ಮತ್ತು ಮಾಕಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಸ್ಥಳಗಳಿಗೆ ಹಂಚಿದ ಕೆಲಸಗಳು ಒಂದೇ ಸ್ಥಳದ ಕೆಲಸಗಳಿಗಿಂತ ಸುಮಾರು ಎರಡೂವರೆ ಪಟ್ಟು ಸಮಯ ತೆಗೆದುಕೊಂಡಿದ್ದವು. ಅಂಥ ಕೆಲಸಗಳಿಗೆ ಹೆಚ್ಚು ಜನ ಬೇಕಾಗುತ್ತಿದ್ದುದು ಈ ವಿಳಂಬಕ್ಕೆ ಮುಖ್ಯವಾಗಿ ತಳಕುಹಾಕಿಕೊಂಡಿತ್ತು.

ಹಾಗೆಂದು ದೂರವೇ ದೋಷವಲ್ಲ. ವಿಂಡೋಸ್ ವಿಸ್ತಾ ತಂತ್ರಾಂಶವನ್ನು ಕುರಿತ 2009ರ ಅಧ್ಯಯನವೊಂದು, ಹಲವು ಸ್ಥಳಗಳಲ್ಲಿ ತಯಾರಾದ ಘಟಕಗಳಿಗೂ ಒಂದೇ ಸ್ಥಳದವಕ್ಕೂ ವೈಫಲ್ಯಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಸಮಾನ ಸಾಧನಗಳು, ತಂಡಗಳ ನಡುವೆ ನಿರಂತರ ಸಂಪರ್ಕ, ಮೊದಲೇ ಬೆಳೆದ ಪರಿಚಯ ಇವು ದೂರವನ್ನು ಕುಗ್ಗಿಸಿದ್ದಿರಬೇಕೆಂದು ಅಧ್ಯಯನಕಾರರು ಅಭಿಪ್ರಾಯಪಟ್ಟರು.

ತರಗತಿಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳನ್ನು ಎರಡು ಕೊಠಡಿಗಳಲ್ಲಿ ಕೂರಿಸಿ. ಒಂದು ಗುಂಪು ಪೆಟ್ಟಿಗೆಯನ್ನೂ ಇನ್ನೊಂದು ಅದರ ಮುಚ್ಚಳವನ್ನೂ ರಟ್ಟಿನಲ್ಲಿ ತಯಾರಿಸಲಿ. ಚೀಟಿಗಳ ಮೂಲಕ ಮಾತ್ರ ಸಂಪರ್ಕ. ಹತ್ತು ನಿಮಿಷಕ್ಕೊಂದೇ ಚೀಟಿ. ಮುಚ್ಚಳ ಕೂರದಿದ್ದರೆ ಯಾರ ಕೈಕೆಲಸ ಕೆಟ್ಟದ್ದೆಂದು ಕೇಳುವ ಮೊದಲು ಚೀಟಿಗಳನ್ನು ಓದಿಸಿ. ಅಳತೆ ಬರೆದು ಏಕಮಾನ ಬರೆಯದ ಚೀಟಿ ಅಲ್ಲಿ ಸಿಕ್ಕೀತು!