ಕೇಳಿಸಿಕೊಂಡು ಓದುವವರಿಗೂ ಸರ್ಕಾರಿ ವೆಬ್‌ಸೈಟ್

ಪಿಂಚಣಿ ಅರ್ಜಿಯ ಪುಟ ತೆರೆದಿದೆ ಅಂದುಕೊಳ್ಳಿ. ಕಣ್ಣು ಕಾಣದವರು ಅದನ್ನು ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ದನಿಯಲ್ಲಿ ಕೇಳ್ತಾರೆ. ಟ್ಯಾಬ್ ಕೀ ಒತ್ತಿದಾಗೆಲ್ಲ "ಎಡಿಟ್... ಎಡಿಟ್... ಎಡಿಟ್" ಅಂತಷ್ಟೇ ಬರುತ್ತೆ. ಹೆಸರು ಎಲ್ಲಿ ಬರೀಬೇಕು, ಆಧಾರ್ ಸಂಖ್ಯೆ ಎಲ್ಲಿ? ಪರದೆ ಮೇಲೆ ಬರೆದಿದೆ. ಆದರೆ ಕೋಡ್‌ನಲ್ಲಿ ಆ ಖಾನೆಗೆ ಲೇಬಲ್ ಜೋಡಿಸಿಲ್ಲ. ಒಂದು ಸಾಲಿನ ಕೆಲಸ ಅದು!

ಹೇಗೋ ತುಂಬಿದರೂ ಕೊನೆಗೆ ಕ್ಯಾಪ್ಚಾ. ಸೊಟ್ಟ ಅಕ್ಷರಗಳ ಚಿತ್ರ. ಆಡಿಯೊ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ನಿಂತಿತು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಆದೇಶವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಅದು ಬರೀ ಫೋಟೊ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರಂತೂ ನೋಡೋಕೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಓದುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಕೂಡ ಕನ್ನಡ ಓದಿ ಹೇಳುತ್ತೆ.

ಎಷ್ಟೋ ವಯಸ್ಸಾದವರಿಗೆ ಬಿಳಿ ಮೇಲಿನ ತಿಳಿ ಬೂದು ಅಕ್ಷರ ಸರಿಯಾಗಿ ಕಾಣೋದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿ ವ್ಯತ್ಯಾಸ ಇರಲಿ.

ಇದೆಲ್ಲ ಬರೀ ಅನುಕೂಲದ ಮಾತಲ್ಲ, ಹಕ್ಕಿನ ಮಾತು. ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ (ಕೆವೈಸಿ) ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ತೊಂದರೆಗೆ ಸಿಕ್ಕಿಕೊಂಡ ಆಸಿಡ್ ದಾಳಿ ಸಂತ್ರಸ್ತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು: ಡಿಜಿಟಲ್ ಸೇವೆ ಪಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ.

ವೆಬ್‌ಸೈಟ್ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ. ಉದ್ಘಾಟನೆಗೆ ಮುಂಚೆ ಮೌಸ್ ಪಕ್ಕಕ್ಕಿಟ್ಟು ಕೀಬೋರ್ಡ್ ಒಂದರಿಂದಲೇ ಇಡೀ ಅರ್ಜಿ ತುಂಬಿ. ಆಮೇಲೆ ಕಣ್ಣು ಕಾಣದವರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ, ಅವರ ಕೈಲಿ ತುಂಬಿಸಿ ನೋಡಿ.