ಚೇಂಬರ್ ಒಡೆದ ಕಾರನ್ನು ಮನೆಗೆ ಓಡಿಸಿ ಕೆಟ್ಟೆ

ಕಳೆದ ಮಳೆಗಾಲದ ಒಂದು ಸಂಜೆ. ಅಡಿಕೆ ಕೊಟ್ಟು ಪೇಟೆಯಿಂದ ಬರುತ್ತಿದ್ದೆ. ತಿರುವಿನಲ್ಲಿ ದನ ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ರಸ್ತೆಯಿಂದ ಕೆಳಗಿಳಿಯಿತು. ಎದುರಿನ ಬಂಪರ್, ಒಂದು ಲೈಟು ಹೋಯ್ತು. ಅಡಿಭಾಗ ಮುರಕಲ್ಲಿಗೆ ಬಡಿದದ್ದು ಗೊತ್ತೇ ಆಗಲಿಲ್ಲ. ದನಕ್ಕೂ ನನಗೂ ಏನೂ ಆಗಿರಲಿಲ್ಲ, ಅದೇ ಸಮಾಧಾನ.

ನೆರೆಯವರು ಜೀಪಿಗೆ ಹಗ್ಗ ಕಟ್ಟಿ ಎಳೆದುಕೊಟ್ಟರು. ಕೀ ತಿರುಗಿಸಿದೆ, ಸ್ಟಾರ್ಟ್ ಆಯ್ತು. ಮನೆಗೆ ಮೂರೇ ಕಿಲೋಮೀಟರು. ಆಯಿಲಿನ ಕೆಂಪು ದೀಪ ಉರೀತಾ ಇತ್ತು. ಮಳೆಗೆ ವಯರು ಒದ್ದೆ ಆಗಿರಬೇಕು ಅಂದುಕೊಂಡೆ! ಗೇಟಿನ ಹತ್ತಿರ ಎಂಜಿನ್ ಕಟಕಟ ಸದ್ದು ಮಾಡಿ ನಿಂತೇ ಹೋಯಿತು.

ಮರುದಿನ ಗ್ಯಾರೇಜಿನವನ ಮೊದಲ ಪ್ರಶ್ನೆ, "ಅಣ್ಣಾ, ಬಿದ್ದ ಮೇಲೆ ಸ್ಟಾರ್ಟ್ ಮಾಡಿದ್ರಾ?" ಕಲ್ಲು ತಾಗಿ ಆಯಿಲ್ ಚೇಂಬರ್ ಒಡೆದಿತ್ತು. ಎಣ್ಣೆಯೆಲ್ಲ ದಾರಿಯಲ್ಲೇ ಸೋರಿತ್ತು. ಎಂಜಿನ್ ಸೀಝ್.

ಫುಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ನನಗೆ ಧೈರ್ಯ. ಕಂಪೆನಿಯ ಸರ್ವೇಯರ್ ಬಂದು ನೋಡಿ ಬರೆದದ್ದು ಇಷ್ಟೆ: ಬಂಪರ್, ಲೈಟು, ಚೇಂಬರ್ ಕೊಡಬಹುದು, ಎಂಜಿನ್ ಇಲ್ಲ. ನಾನು ಜೋರು ಮಾಡಿದೆ. ರಾತ್ರಿ ಪಾಲಿಸಿಯ ಸಣ್ಣ ಅಕ್ಷರಗಳನ್ನು ಮೊದಲ ಬಾರಿಗೆ ಓದಿದೆ. ಅಪಘಾತದ ನಂತರ ರಿಪೇರಿ ಮಾಡಿಸದೆ ಓಡಿಸಿದರೆ, ಅದರಿಂದ ಹೆಚ್ಚಾದ ಹಾನಿ ಮಾಲೀಕನ ಜವಾಬ್ದಾರಿ ಎಂದು ಅಲ್ಲೇ ಇತ್ತು. ಒಡೆದ ಚೇಂಬರು ಅಪಘಾತದ್ದು, ಸೀಝ್ ಆದ ಎಂಜಿನ್ ನನ್ನದು. ಇನ್ನೂ ಬೇಜಾರಿನ ಸಂಗತಿ, ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆಸಿಕೊಂಡು ಹೋಗಲು 1,500 ರೂಪಾಯಿವರೆಗೆ ಕೊಡುವುದಾಗಿಯೂ ಅದೇ ಪಾಲಿಸಿಯಲ್ಲಿದೆ! ನೆರೆ ನೀರಿನಲ್ಲಿ ನಿಂತ ಕಾರಿಗೂ ಇದೇ ಕಥೆ. ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಿ ಹಾಳುಮಾಡಿಕೊಂಡರೆ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ. ಅದಕ್ಕೆ 'ಎಂಜಿನ್ ಪ್ರೊಟೆಕ್ಟ್' ಎಂದು ಬೇರೆ ಪ್ರೀಮಿಯಂ ಕಟ್ಟಬೇಕು.

ಒಪ್ಪಿದ ಭಾಗಗಳಿಗೂ ಪೂರ್ತಿ ಹಣ ಬರುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟಯರು, ಬ್ಯಾಟರಿಗೆ ಅರ್ಧ ಕಡಿತ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಕಾರಿನ ಪ್ರಾಯ ನೋಡುತ್ತಾರೆ. ನನ್ನದಕ್ಕೆ ನಾಲ್ಕು ವರ್ಷ ದಾಟಿತ್ತು, ಹಾಗಾಗಿ ಶೇ. 35 ಹೋಯಿತು. ಐದು ದಾಟಿದರೆ ಶೇ. 40, ಹತ್ತು ದಾಟಿದರೆ ಶೇ. 50. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದ. 'ಬಂಪರ್ ಟು ಬಂಪರ್' ಅನ್ನುತ್ತಾರಲ್ಲ, ಅದನ್ನು ತೆಗೊಂಡಿದ್ದರೆ ಪ್ರಾಯದ ಕಡಿತ ಇರುತ್ತಿರಲಿಲ್ಲ.

ಒಂದು ಕಡೆ ಮಾತ್ರ ನಾನು ಬಿಡಲಿಲ್ಲ. ಎದುರಿನ ಚಕ್ರದ ಆರ್ಮ್ ಬಗ್ಗಿದ್ದನ್ನು ಸರ್ವೇಯರ್ 'ಹಳೆ ಸವೆತ' ಎಂದು ಬಿಟ್ಟಿದ್ದರು. ವರದಿಯ ಪ್ರತಿ ಕೇಳಿ ಪಡೆದೆ. ಹಿಂದಿನ ತಿಂಗಳ ಸರ್ವಿಸ್ ಬಿಲ್ಲಿನಲ್ಲಿ ವೀಲ್ ಅಲೈನ್‌ಮೆಂಟ್ ಸರಿ ಇದೆ ಎಂದಿತ್ತು. ನೆರೆಯವರ ಹುಡುಗ ತೋಡಿನ ಬದಿಯಲ್ಲೇ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಚಕ್ರ ಒಳಕ್ಕೆ ಮಡಚಿದ್ದು ಕಾಣುತ್ತಿತ್ತು. ಎರಡನ್ನೂ ಸೇರಿಸಿ ಪತ್ರ ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಆರ್ಮಿನ ಹಣ ಸೇರಿತು. ಬಾಯಿಮಾತಿನಲ್ಲಿ ಹದಿನೈದು ಸಲ ಫೋನ್ ಮಾಡಿದ್ದಕ್ಕೆ ಒಂದು ಪೈಸೆಯೂ ಬಂದಿರಲಿಲ್ಲ.

ಪತ್ರಕ್ಕೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಕಾಣದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ. ಕಂಪೆನಿ ನಿರಾಕರಿಸಿದ ಒಂದು ವರ್ಷದೊಳಗೆ ಕೊಡಬೇಕು. 'ಇದೇ ಕೊನೆಯ ಪಾವತಿ' ಎಂಬ ಚೀಟಿಗೆ ಸಹಿ ಹಾಕಿದ್ದರೂ ದಾರಿ ಮುಚ್ಚಿಲ್ಲ. ಒತ್ತಡದಲ್ಲೋ ಮೋಸದಿಂದಲೋ ಪಡೆದ ಸಹಿ ಗ್ರಾಹಕನ ಹಕ್ಕನ್ನು ಕಸಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಡ ಇತ್ತೆಂದು ತೋರಿಸುವ ಕೆಲಸ ನಮ್ಮದು. ಹಾಗಾಗಿ ಓದದೆ ಸಹಿ ಹಾಕಬೇಡಿ.

ಬೇರೆಯವರಿಗೆ ಪೆಟ್ಟಾದ ಸಂದರ್ಭ ಬೇರೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೂ ಕಂಪೆನಿಗೂ ತಿಳಿಸಿ. ಕಂಪೆನಿಯ ಒಪ್ಪಿಗೆ ಇಲ್ಲದೆ ಅಲ್ಲೇ ರಾಜಿ ಮಾತಾಡಿ ಇಷ್ಟು ಕೊಡುತ್ತೇನೆ ಅಂದರೆ ಪಾಲಿಸಿಯ ಷರತ್ತು ಮುರಿದಂತೆ.

ನನಗೆ ಎಂಜಿನ್ ಕೆಲಸಕ್ಕೆ 48,000 ರೂಪಾಯಿ ಆಯ್ತು. ಆ ವರ್ಷ ತೋಟಕ್ಕೆ ಮಣ್ಣು ಹಾಕಿಸುವುದು ಬಾಕಿಯಾಯಿತು. ಈಗ ಕಾರಿನಲ್ಲಿ ಪಾಲಿಸಿ ಪ್ರತಿಯ ಜತೆ ಎಳೆಯುವ ಗಾಡಿಯವನ ನಂಬರು ಬರೆದಿಟ್ಟಿದ್ದೇನೆ.