‘ಟೊಂಕ ಹಿಡದೈತಿ’ ಅಂತೀರಲ್ಲ, ಎಲ್ಲಿ ಹಿಡದೈತಿ?

ಕುಳಗೇರಿ ಕ್ರಾಸ್ ಕಡೆ ಕುಂಟುತ್ತಾ ಪ್ರಾಕ್ಟೀಸ್‌ಗೆ ಬರೋ ಯಾವ ಕಬಡ್ಡಿ ಹುಡುಗನನ್ನಾದ್ರೂ ಕೇಳಿ ನೋಡಿ. ಉತ್ತರ ಒಂದೇ: “ಏನಿಲ್ರೀ ಅಣ್ಣಾರ, ಟೊಂಕ ಹಿಡದೈತಿ.” ಅಲ್ಲಿಗೆ ಮಾತು ಮುಗೀತು. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳೋದು, ಒಂದು ಗುಳಿಗೆ ನುಂಗೋದು, ಮರುದಿನ ಮತ್ತೆ ಕಣಕ್ಕೆ ಇಳಿಯೋದು.

ತೊಂದರೆ ಇರೋದು ಆ ಪದದಲ್ಲೇ. ‘ಟೊಂಕ’ ಅಂದ್ರೆ ನಮ್ಮಲ್ಲಿ ಬೆನ್ನಿನ ಕೆಳಭಾಗವೂ ಹೌದು, ಸೊಂಟವೂ ಹೌದು, ಕುಂಡಿಯೂ ಹೌದು, ಒಮ್ಮೊಮ್ಮೆ ತೊಡೆಸಂದೂ ಹೌದು. ಜಾಗ ಬೇರೆ ಆದ್ರೆ ಕಾರಣ ಬೇರೆ, ಚಿಕಿತ್ಸೆಯೂ ಬೇರೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಎಷ್ಟೋ ಮಕ್ಕಳಿಗೆ ಆಟ ಅಂದ್ರೆ ಬರೀ ಆಟ ಅಲ್ಲ. ಸ್ಪೋರ್ಟ್ಸ್ ಕೋಟಾದ ಸೀಟು, ಪೊಲೀಸ್ ಕೆಲಸ, ಸೈನ್ಯ ಭರ್ತಿಯ 1.6 ಕಿ.ಮೀ. ಓಟ ಎಲ್ಲ ಅದೇ ಕಾಲುಗಳ ಮೇಲೆ ನಿಂತಿರುತ್ತೆ.

ನಾನು ಸಾಫ್ಟ್‌ವೇರ್‌ನವನು, ಡಾಕ್ಟರ್ ಅಲ್ಲ. ಆದ್ರೆ ನಮ್ಮ ಕೆಲಸದಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು: ಎರರ್ ಕಾಣೋ ಜಾಗ ಒಂದು, ಬಗ್ ಇರೋ ಜಾಗ ಇನ್ನೊಂದು. ಸೊಂಟದ ಕೀಲಿನ ಕಥೆಯೂ ಹಾಗೇ.

ಮೂರು ದಾರಿ ಕೂಡೋ ಜಾಗ

ತೊಡೆ ಎಲುಬಿನ ಮೇಲ್ತುದಿ ಚೆಂಡಿನಂತಿದ್ದು, ಸೊಂಟದ ಎಲುಬಿನ ಬಟ್ಟಲಿನೊಳಗೆ ತಿರುಗುತ್ತೆ. ಬಟ್ಟಲಿನ ಅಂಚಿಗೆ ಲೇಬ್ರಮ್ ಅನ್ನೋ ಮೆತ್ತನೆಯ ಉಂಗುರ ಇದೆ. ಸುಮ್ಮನೆ ನಡೆದಾಗಲೇ ಈ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತೆ. ಓಡಿದಾಗ, ಜಿಗಿದಾಗ ಇನ್ನೂ ಹೆಚ್ಚು.

ಕುಳಗೇರಿ ಕ್ರಾಸ್‌ನಲ್ಲಿ ನಿಂತ್ರೆ ಒಂದು ದಾರಿ ಬಾದಾಮಿಗೆ, ಒಂದು ನರಗುಂದ-ಹುಬ್ಬಳ್ಳಿಗೆ, ಇನ್ನೊಂದು ಕೆರೂರಿನ ಕಡೆಗೆ ಹೋಗುತ್ತೆ. ಸೊಂಟದ ನೋವಿಗೂ ಹೆಚ್ಚುಕಡಿಮೆ ಮೂರೇ ದಾರಿ.

ಮುಂದೆ, ಅಂದ್ರೆ ತೊಡೆಸಂದಿನಲ್ಲಿ ನೋವಿದ್ರೆ: ಕೀಲಿನೊಳಗಿನ ತೊಂದರೆ ಇರಬಹುದು, ಇಲ್ಲವೇ ತೊಡೆಯ ಒಳಬದಿಯ ಸ್ನಾಯು ಎಳೆದಿರಬಹುದು. ನಿಜವಾದ ಕೀಲುನೋವು ಹೆಚ್ಚಾಗಿ ಇಲ್ಲೇ ಕಾಣಿಸಿಕೊಳ್ಳೋದು. ಟೊಂಕ ತಿಕ್ಕಿಸಿಕೊಂಡವನಿಗೆ ಇದು ಗೊತ್ತೇ ಆಗಲ್ಲ.

ಪಕ್ಕದಲ್ಲಿ ನೋವಿದ್ದು, ಆ ಮಗ್ಗುಲಿಗೆ ಮಲಗಿದ್ರೆ ಜಾಸ್ತಿ ಆದ್ರೆ: ಕುಂಡಿಯ ಸ್ನಾಯುಗಳು ಎಲುಬಿಗೆ ಅಂಟೋ ಜಾಗದ ತೊಂದರೆ ಇರೋ ಸಾಧ್ಯತೆ ಹೆಚ್ಚು.

ಹಿಂದೆ ನೋವಿದ್ದು ಕಾಲಿಗೆ ಇಳಿದ್ರೆ: ಮೊದಲು ಬೆನ್ನುಹುರಿಯ ನರವನ್ನೇ ಅನುಮಾನಿಸಬೇಕು.

ಇದು ಹಳ್ಳಿ ಹುಡುಗರ ಗೊಂದಲ ಮಾತ್ರ ಅಲ್ಲ. ಡಾಕ್ಟರುಗಳೂ ತೊಡೆಸಂದಿನ ನೋವಿಗೆ ಹತ್ತಾರು ಹೆಸರು ಬಳಸುತ್ತಿದ್ರು. 2014ರಲ್ಲಿ 14 ದೇಶಗಳ 24 ತಜ್ಞರು ದೋಹಾದಲ್ಲಿ ಕೂತು, ನೋವು ಯಾವ ಸ್ನಾಯುವಿನದು, ಯಾವ ಜಾಗದ್ದು ಅನ್ನೋದರ ಮೇಲೆ ಹೆಸರಿಡಬೇಕು ಅಂತ ಒಪ್ಪಿಕೊಂಡ್ರು. ಅಂದ್ರೆ ಬೆರಳಿಟ್ಟು ತೋರಿಸೋದೇ ಮೊದಲ ಪರೀಕ್ಷೆ.

ಆಟಕ್ಕೊಂದು ನೋವು

ಕಬಡ್ಡಿಯ ರೈಡರ್ ಕಾಲು ಅಗಲಿಸಿ, ಬಗ್ಗಿ, ಕ್ಷಣದಲ್ಲಿ ದಿಕ್ಕು ಬದಲಿಸ್ತಾನೆ. ಆ ಹೊರೆ ಬೀಳೋದು ತೊಡೆಯ ಒಳಸ್ನಾಯುಗಳ ಮೇಲೆ. ಕುಸ್ತಿಯಲ್ಲಿ ಕೀಲು ಪೂರ್ತಿ ಮಡಚಿ ತಿರುಚಿಕೊಳ್ಳುತ್ತೆ. ಚೆಂಡು ಅಥವಾ ಬಟ್ಟಲಿನ ಅಂಚಿನ ಆಕಾರದಲ್ಲಿ ಸ್ವಲ್ಪ ಉಬ್ಬು ಇದ್ದವರಿಗೆ ಆಗ ಲೇಬ್ರಮ್ ಒಳಗೆ ಚಿವುಟಿದಂತಾಗುತ್ತೆ. ಸೈಕ್ಲಿಂಗ್‌ಗೆ ವಿಜಯಪುರ, ಚಂದರಗಿ ಕಡೆ ಒಳ್ಳೆಯ ಹೆಸರಿದೆ. ಅಲ್ಲಿನ ಮಕ್ಕಳು ಸೀಟಿನ ಎತ್ತರ ನೋಡಿಕೊಳ್ಳಬೇಕು. ಸೀಟು ತೀರಾ ಕೆಳಗಿದ್ರೆ ಪ್ರತಿ ತುಳಿತಕ್ಕೂ ಸೊಂಟ ಬೇಕಾದ್ದಕ್ಕಿಂತ ಹೆಚ್ಚು ಮಡಚುತ್ತೆ.

ಇನ್ನು ನಮ್ಮಂಥ ಆಫೀಸಿನವರು. ವಾರವಿಡೀ ಕುರ್ಚಿಯಲ್ಲಿ ಕೂತು, ಭಾನುವಾರ ವಾರ್ಮ್‌ಅಪ್ ಇಲ್ಲದೆ ಟರ್ಫ್‌ನಲ್ಲಿ ಕ್ರಿಕೆಟ್. ಸ್ನಾಯುಗೆ ಅಭ್ಯಾಸವಿಲ್ಲದ ಹೊರೆ ಒಮ್ಮೆಲೇ ಬಿದ್ರೆ ಅದು ಎಳೆಯದೆ ಇನ್ನೇನು ಮಾಡೀತು?

ತಿಕ್ಕೋದಾ, ಬಲ ತುಂಬೋದಾ?

1999ರಲ್ಲಿ ಡೆನ್ಮಾರ್ಕ್‌ನಲ್ಲಿ ಒಂದು ಪರೀಕ್ಷೆ ನಡೀತು. ಒಳತೊಡೆಯ ಹಳೇ ನೋವಿದ್ದ 68 ಆಟಗಾರರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಮಸಾಜ್, ಲೇಸರ್, ಸ್ಟ್ರೆಚಿಂಗ್. ಇನ್ನೊಂದಕ್ಕೆ ಬಲ ತುಂಬೋ ವ್ಯಾಯಾಮ. ವ್ಯಾಯಾಮದ ಗುಂಪಿನಲ್ಲಿ 23 ಜನ ನೋವಿಲ್ಲದೆ ಆಟಕ್ಕೆ ಮರಳಿದ್ರು. ಮಸಾಜ್ ಗುಂಪಿನಲ್ಲಿ ಬರೀ 4 ಜನ. ವ್ಯಾಯಾಮವೂ ದೊಡ್ಡದೇನಲ್ಲ. ಎರಡು ಪಾದಗಳ ನಡುವೆ, ಆಮೇಲೆ ಮೊಣಕಾಲುಗಳ ನಡುವೆ ಫುಟ್‌ಬಾಲ್ ಇಟ್ಟು 30 ಸೆಕೆಂಡ್ ಒತ್ತೋದರಿಂದ ಶುರು. ಆದ್ರೆ 8ರಿಂದ 12 ವಾರ ಬಿಡದೆ ಮಾಡಬೇಕು. ನಮ್ಮವರು ಸೋಲೋದು ಇಲ್ಲೇ. ಹತ್ತು ದಿನಕ್ಕೆ ನೋವು ಕಡಿಮೆ ಆದ್ರೆ ‘ಆರಾಮಾತು’ ಅಂತ ಮ್ಯಾಚ್‌ಗೆ ಹೋಗಿಬಿಡ್ತಾರೆ.

ನೋವು ಬರೋ ಮುಂಚೆ ಮಾಡೋದಕ್ಕೂ ಒಂದಿದೆ. ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನ ಗೆಳೆಯ ಹಿಡಿದುಕೊಂಡು, ಆ ಕಾಲಿನ ಬಲದ ಮೇಲೆ ದೇಹ ಎತ್ತೋ ‘ಕೋಪನ್‌ಹೇಗನ್’ ವ್ಯಾಯಾಮ. ನಾರ್ವೆಯ 35 ಫುಟ್‌ಬಾಲ್ ತಂಡಗಳಲ್ಲಿ ಇದನ್ನ ಪರೀಕ್ಷಿಸಿದಾಗ ತೊಡೆಸಂದಿನ ತೊಂದರೆಯ ಅಪಾಯ 41% ಕಡಿಮೆಯಾಯ್ತು. ಜಿಮ್ ಬೇಡ, ಖರ್ಚಿಲ್ಲ, ಹೊಲದ ಬದುವಿನ ಮೇಲೂ ಮಾಡಬಹುದು.

ಹಾಗಂತ ಪೂರ್ತಿ ಮಲಗೋದೂ ಮದ್ದಲ್ಲ. ವ್ಯಾಯಾಮದಲ್ಲಿ ಹತ್ತಕ್ಕೆ ಎರಡರಷ್ಟು ನೋವಿದ್ದು, ಮರುದಿನ ಬೆಳಗ್ಗೆ ಮೊದಲಿನಂತಾದ್ರೆ ಸಾಮಾನ್ಯವಾಗಿ ಮುಂದುವರಿಸಬಹುದು. ಬೆಳಗ್ಗೆಯೂ ಜಾಸ್ತಿ ಇದ್ರೆ ಹೊರೆ ಇಳಿಸಬೇಕು.

ಆಪರೇಷನ್ ಯಾವಾಗ?

ನಮ್ಮ ಕೆ.ಎಲ್. ರಾಹುಲ್ 2022ರ ಜೂನ್‌ನಲ್ಲಿ ತೊಡೆಸಂದಿನ ನೋವಿನಿಂದ ದಕ್ಷಿಣ ಆಫ್ರಿಕಾ ಸರಣಿ ತಪ್ಪಿಸಿಕೊಂಡು, ಜರ್ಮನಿಯಲ್ಲಿ ಆಪರೇಷನ್ ಮಾಡಿಸಿಕೊಂಡ್ರು. ಟೆನಿಸ್‌ನ ಆಂಡಿ ಮರ್ರಿ 2019ರ ಜನವರಿಯಲ್ಲಿ ಸೊಂಟದ ಕೀಲಿಗೆ ಲೋಹದ ಹೊದಿಕೆ ಹಾಕಿಸಿಕೊಂಡು, ಅದೇ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್ ಟೂರ್ನಿ ಗೆದ್ರು. ಆದ್ರೆ ಎಲ್ಲರಿಗೂ ಚಾಕು ಬೇಕಿಲ್ಲ. ಚಿವುಟುವ ಕೀಲಿನ ತೊಂದರೆ ಇದ್ದ 348 ಜನರ ಮೇಲೆ ಬ್ರಿಟನ್‌ನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಆದವರೂ ಸುಧಾರಿಸಿದ್ರು, ಫಿಸಿಯೋಥೆರಪಿ ಪಡೆದವರೂ ಸುಧಾರಿಸಿದ್ರು. ಆಪರೇಷನ್ ಸ್ವಲ್ಪ ಮುಂದಿತ್ತು, ಅಷ್ಟೇ. ಹಾಗಾಗಿ ಮೊದಲು ಫಿಸಿಯೋ, ಆಮೇಲೆ ಮುಂದಿನ ಮಾತು.

ಇವಕ್ಕೆ ಮಾತ್ರ ಕಾಯಬೇಡಿ

• ಭರ್ತಿ ಬಂತು ಅಂತ ಒಮ್ಮೆಲೇ ಟಾರ್ ರಸ್ತೆ ಮೇಲೆ ಓಟ ಹೆಚ್ಚಿಸಿದವರಿಗೆ, ಓಡಿದಷ್ಟೂ ತೊಡೆಸಂದು ನೋಯ್ತಿದ್ರೆ ಓಟ ನಿಲ್ಲಿಸಿ. ತೊಡೆ ಎಲುಬಿನ ಕತ್ತಿನಲ್ಲಿ ಸಣ್ಣ ಬಿರುಕು ಇರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾಗಬಹುದು. ಅದರ ಮೇಲೇ ಓಡಿದ್ರೆ ಎಲುಬು ಪೂರ್ತಿ ಮುರಿಯೋ ಅಪಾಯ ಇದೆ.

• 10ರಿಂದ 16 ವಯಸ್ಸಿನ ಮಗು ಕುಂಟುತ್ತಾ ‘ಮೊಣಕಾಲು ನೋವು’ ಅಂದ್ರೂ ಸೊಂಟ ಪರೀಕ್ಷೆ ಮಾಡಿಸಿ. ಬೆಳೆಯುವ ಎಲುಬಿನ ತಲೆ ಜಾರಿರಬಹುದು. ನಡೆಸಬೇಡಿ, ಅವತ್ತೇ ಕರ್ಕೊಂಡು ಹೋಗಿ.

• ಬಹಳ ದಿನ ಸ್ಟೆರಾಯ್ಡ್ ತಗೊಂಡವರಿಗೆ ಅಥವಾ ಕುಡಿತ ಹೆಚ್ಚಿದ್ದವರಿಗೆ ಬಿಡದ ತೊಡೆಸಂದು ನೋವು ಬಂದ್ರೆ, ಎಲುಬಿನ ತಲೆಗೆ ರಕ್ತ ಕಡಿಮೆಯಾಗಿರಬಹುದು.

• ಜ್ವರದ ಜೊತೆ ಕಾಲೂರಲು ಆಗದಷ್ಟು ನೋವು.

ಇಂಥವನ್ನ ತಿಕ್ಕಿಸೋದು, ಎಲುಬು ಕೂರಿಸೋರ ಹತ್ರ ಎಳೆಸೋದು ಬೇಡವೇ ಬೇಡ. ಬಾಗಲಕೋಟೆ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಲುಬು-ಕೀಲು ವಿಭಾಗ ಇದೆ.

ಹೋದಾಗ ‘ಟೊಂಕ’ ಅಂತ ಹೇಳಿ ಸುಮ್ಮನಾಗಬೇಡಿ. ಒಂದೇ ಬೆರಳಿಟ್ಟು ಜಾಗ ತೋರಿಸಿ. ಯಾವಾಗ ಶುರುವಾಯ್ತು, ಅದಕ್ಕಿಂತ ಮುಂಚಿನ ವಾರಗಳಲ್ಲಿ ಪ್ರಾಕ್ಟೀಸ್ ಏನು ಬದಲಾಯ್ತು, ಚಕ್ಕಳಮಕ್ಕಳ ಹಾಕಿ ಕೂತಾಗ ಹೆಚ್ಚೋ ಓಡುವಾಗ ಹೆಚ್ಚೋ, ಈ ಮೂರನ್ನ ಹೇಳಿ. ನಿಮ್ಮೂರಲ್ಲಿ ಆಡೋ ತಮ್ಮ-ತಂಗಿಯರಿದ್ರೆ ಮುಂದಿನ ಸಲ ಫೋನ್ ಮಾಡಿದಾಗ ನೀವೂ ಇವನ್ನೇ ಕೇಳಿ. ‘ಏನಿಲ್ಲ’ ಅಂದ್ರೆ ಬಿಡಬೇಡಿ, “ಎಲ್ಲಿ ಹಿಡದೈತಿ, ತೋರಿಸು” ಅನ್ನಿ.